ಕಾಮಿಕ್ಸ್ ಪುಸ್ತಕದ ಕೊನೆಯ ಚೀಟಿ

ಕುಮಟೆಯ ನಮ್ಮ ವಾಚನಾಲಯದ ಗ್ರಂಥಪಾಲಕರು ಪ್ರತಿ ಕಾಮಿಕ್ಸನ್ನೂ ಓದಿ, ಕೊನೆಯ ಪುಟಕ್ಕೆ ವಿಮರ್ಶೆಯ ಚೀಟಿ ಅಂಟಿಸುತ್ತಿದ್ದರು. ‘ನಾಯಕಿ ಎಂಟು ಚೌಕಗಳಲ್ಲಿ ಅಳುತ್ತಾಳೆ, ಕಾರಣ ಒಂದರಲ್ಲೂ ಇಲ್ಲ.’ ಬರೆದು ಮುಗಿಸಿ, ಕನ್ನಡಕ ಹಣೆಗೇರಿಸಿ ತಾವೇ ನಗುತ್ತಿದ್ದರು. ಚರ್ಚಾಸ್ಪರ್ಧೆ ಗೆದ್ದ ಗತ್ತಿನಲ್ಲಿ ನಾನು “ಇದೆಲ್ಲ ಕಸ” ಎಂದಾಗ ಅವರು ಕೇಳಿದ್ದು ಇಷ್ಟೇ: “ಓದಿ ಆತಾ ತಂಗಿ? ಹಂಗಾರೆ ಬೈ.” ನಾನು ಓದಿರಲಿಲ್ಲ.

ಒಮ್ಮೆ ವಾಚನಾಲಯದ ಅಧ್ಯಕ್ಷರು ಬಂದು, “ಈ ಮಕ್ಕಳಾಟ ಎಲ್ಲ ರದ್ದಿಗೆ ಹಾಕಿ” ಎಂದರು.

“ಓದಿ ಆತಾ ನಿಮ್ದು?”

“ಅದ್ನ ಓದೂದು ಎಂತಕ್ಕೆ?”

“ಹಂಗಾರೆ ಬೈಯೂದು ಎಂತಕ್ಕೆ?”

ಸಿಟ್ಟಾದ ಅಧ್ಯಕ್ಷರು ಕಾಮಿಕ್ಸನ್ನೆಲ್ಲ ಹಿಂದಿನ ಕತ್ತಲ ಕೋಣೆಗೆ ತುಂಬಿಸಿದರು. ಮರುದಿನ ಗ್ರಂಥಪಾಲಕರು ಮೇಜು, ಮೊಹರು, ರಿಜಿಸ್ಟರ್ ಸಮೇತ ಅದೇ ಕೋಣೆಗೆ ಹೋಗಿ ಕೂತರು. ಆಮೇಲೆ ಯಾವ ಪುಸ್ತಕ ಒಯ್ಯಬೇಕಾದರೂ ಎಲ್ಲರೂ ಕಾಮಿಕ್ಸ್ ರಾಶಿಯ ನಡುವೆ ನಿಂತೇ ಮೊಹರು ಹಾಕಿಸಿಕೊಳ್ಳಬೇಕಾಯಿತು, ಅಧ್ಯಕ್ಷರೂ ಸಹ.