ತಂಬಿಗೆಯ ತಾಮ್ರ ಎಲ್ಲಿ ಹೋಯಿತು

ಶೇಖಮ್ಮನ ಬಾಯಿ ಬೊಂಬಾಯಿ. ಅಂಥವಳು ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಳು ಅಂದರೆ ನಂಬುತ್ತೀರಾ? ಶಹಾಪುರದ ನಮ್ಮ ಕಾಲೇಜಿನ ಪ್ರಯೋಗಾಲಯದ ಕಸ ಗುಡಿಸಲು ಅವಳು ಶಿರವಾಳದಿಂದ ಬಸ್ಸಿನಲ್ಲಿ ಬರುತ್ತಾಳೆ. ನಾನು ಪಕ್ಕದ ಕೋಣೆಯ ಗುಮಾಸ್ತ, ಅರ್ಧ ಕಣ್ಣಾರೆ ಕಂಡವನು, ಅರ್ಧ ಅವಳ ಬಾಯಿಂದಲೇ ಕೇಳಿದವನು.

ಪ್ರಯೋಗಾಲಯ ನಡೆಸುವ ನಾಗರತ್ನಾ ಮೇಡಂ ಎರಡು ಬಾಟಲಿಗಳಲ್ಲಿ ಪಾಚಿ ಬೆಳೆಸಿದ್ದರು. ಒಂದೊಂದಾಗಿ ಕಣ್ಣಿಗೆ ಕಾಣದಷ್ಟು ಸಣ್ಣದು; ಗುಂಪಾದಾಗ ನೀರೆಲ್ಲ ಹಸಿರು. ಅದು ಎಷ್ಟು ತಾಮ್ರ ಹೀರುತ್ತದೆಂದು ನೋಡಲು ಒಂದು ಬಾಟಲಿಗೆ ಮಾತ್ರ ತಾಮ್ರ ಬೆರೆಸಿದ್ದರು. ಆರಿದಷ್ಟು ನೀರನ್ನು ಕ್ಯಾನಿನ ಶುದ್ಧ ನೀರಿನಿಂದ ತುಂಬುವುದು ಶೇಖಮ್ಮನ ಕೆಲಸ. ಬಾಟಲಿ ತೊಳೆಯುವವಳು ಇಮಾಮಬೀ.

ಫಲಿತಾಂಶ ಬಂತು. ತಾಮ್ರ ಹಾಕದ ಬಾಟಲಿಯ ಪಾಚಿಯಲ್ಲೂ ತಾಮ್ರ!

"ಬಾಟಲಿ ಸರಿಯಾಗಿ ತೊಳದಿಲ್ಲ ನೀವು. ನಾಳಿಂದ ಬರಬ್ಯಾಡ್ರಿ" ಎಂದರು ಮೇಡಂ.

"ಅಲ್ಲಾನ ಆಣಿ, ಮೂರು ಸಲ ತೊಳದೀನ್ರಿ!" ಎಂದು ಇಮಾಮಬೀ ಅಳುತ್ತಲೇ ಹೋದಳು.

ಶೇಖಮ್ಮನಿಗೆ ತನ್ನ ತಂಬಿಗೆ ನೆನಪಾಯಿತು. ಕ್ಯಾನಿನ ನೀರು ಅವಳ ಪಾಲಿಗೆ ಸತ್ತ ನೀರು. ಪಾಪ, ಬಡಕಲು ಪಾಚಿ ಎಂದು ಪ್ರತಿ ಸೋಮವಾರ ಲಿಂಗಕ್ಕೆ ಎರೆದು ಉಳಿದ ನೀರನ್ನು ಅದಕ್ಕೂ ಎರೆದಿದ್ದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ತಂಬಿಗೆಯಲ್ಲಿ ರಾತ್ರಿಯಿಡೀ ಇದ್ದ ನೀರು ಅದು.

"ಅಣ್ಣಾರ, ಆ ಬಾಟಲಿ ನೀರಾಗ ತಾಮ್ರ ಅದ ಏನ್ರಿ?" ಎಂದು ನನ್ನನ್ನು ಕೇಳಿದಳು. ನಾನು ಫಲಿತಾಂಶದ ಕಾಗದ ನೋಡಿ, "ನೀರಾಗ ಏನೂ ಇಲ್ಲವ್ವ" ಎಂದೆ.

ಹಾಗಾದರೆ ತಪ್ಪು ತನ್ನದಲ್ಲವೇ? ತನ್ನ ನೀರಿನಿಂದ ಬಂದ ತಾಮ್ರ ನೀರಿನಲ್ಲೇ ಇರಬೇಕಲ್ಲ? ಇಮಾಮಬೀಯೇ ತೊಳೆದಿಲ್ಲವೋ ಏನೋ? ಮೂರು ದಿನ ಕಸಬರಿಗೆ ಹಿಡಿದು ನಿಂತಲ್ಲೇ ನಿಂತುಬಿಡುತ್ತಿದ್ದಳು.

ನಾಲ್ಕನೆಯ ದಿನ ತಡೆಯಲಾಗಲಿಲ್ಲ. "ಮೇಡಮ್ಮಾರ, ನೀರಾಗ ಬಿದ್ದ ತಾಮ್ರ ನೀರಾಗ ಇಲ್ಲಂದ್ರ ಎಲ್ಲಿ ಹೋಗ್ತದ್ರಿ?"

"ಒದ್ದಿ ಕೈಗೆ ಹಿಟ್ಟು ಅಂಟಿದಂಗ ಮೊದಲ ಪಾಚಿ ಮೈಗೆ ಅಂಟ್ತದ. ಆಮ್ಯಾಲ ಒಳಗ ಹೋಗ್ತದ. ನೀರು ಸ್ವಚ್ಛ ಆಗ್ತದ. ಯಾಕ?"

ಶೇಖಮ್ಮ ಚೀಲದಿಂದ ತಂಬಿಗೆ ತೆಗೆದು ಮೇಜಿನ ಮೇಲಿಟ್ಟಳು. "ಹಂಗಾರ ನನ್ನ ತಪ್ಪು ಅದರ ಹೊಟ್ಟ್ಯಾಗ ಅದರಿ."

ಎಲ್ಲ ಕೇಳಿದ ಮೇಡಂ ತಲೆ ಹಿಡಿದು ಕುಳಿತರು. "ಇಮಾಮಬೀ ಮನಿಗೆ ಮೊದಲ ನೀವ ಹೋಗಿ ಕರಕೊಂಡು ಬರ್ರಿ" ಎಂದರು.

ಹೋದಳು. ಇಮಾಮಬೀ ಬಾಗಿಲಲ್ಲೇ ಕೇಳಿದಳು: "ಮೂರು ದಿನ ಯಾಕ ಸುಮ್ಮನಿದ್ದಿ ಅಕ್ಕಾ?"

"ನೀರು ನನ್ನ ಕಡಿ ಸಾಕ್ಷಿ ಹೇಳಾಕತ್ತಿತ್ತವ್ವ."

"ನಾನೂ ಹೇಳಿದ್ನಲ್ಲ, ಮೂರು ಸಲ ತೊಳದೀನಿ ಅಂತ" ಎಂದಳು ಇಮಾಮಬೀ.