ಕಪ್ಪೂ ಕಾಣದ ಜಾಗ

ಅಣ್ಣನ ಎಡಗಡೆ ಯಾವಾಗ ಮಾಯವಾಯಿತೆಂದು ಅವನಿಗೆ ಗೊತ್ತಿಲ್ಲ. ನನಗೆ ಅನುಮಾನವಿತ್ತೆಂದು ಈಗ ಬರೆದರೆ ಅದು ಸುಳ್ಳು.

ಮೂಡಬಿದಿರೆ–ಬೆಳ್ತಂಗಡಿ ನಡುವೆ ಅವನು ಖಾಸಗಿ ಬಸ್ಸು ಓಡಿಸುತ್ತಿದ್ದ. ಕನ್ನಡಕ ಬದಲಿಸಲು ಹೋದಾಗ ಡಾಕ್ಟರು, ಕಣ್ಣಿನ ನರ ಸವೆದಿದೆ, ನೋಟದ ಹರವು ಪರೀಕ್ಷಿಸಬೇಕು ಎಂದರು. ಫಲಿತಾಂಶ ಕೆಟ್ಟದಾದರೆ ಸ್ಟಿಯರಿಂಗ್ ಬಿಡಬೇಕು. ಜೊತೆಗೆ ಹೋಗಿ ಕಾಯುವುದು ನನ್ನ ಪಾಲು. ಕಾದು ಕಾದು ಸಾಕಾಗಿತ್ತು.

ಬಟ್ಟಲಿನಂಥ ಬಿಳಿ ಯಂತ್ರಕ್ಕೆ ಮುಖ ಒಡ್ಡಿ, ಎಲ್ಲಿ ಬೆಳಕು ಮಿನುಗಿದರೂ ಗುಂಡಿ ಒತ್ತಬೇಕು. ಅಣ್ಣ ಸರಾಗವಾಗಿ ಒತ್ತಿದ. ತೀರಾ ಸರಾಗವಾಗಿ. ಪರೀಕ್ಷೆ ಮಾಡುತ್ತಿದ್ದಾಕೆ ಯಂತ್ರ ನಿಲ್ಲಿಸಿದರು.

"ಮಿಷನ್ ಟಕ್ ಅಂದ ಕೂಡಲೇ ಒತ್ತುವುದಲ್ಲ ಅಂಕಲ್."

"ಟಕ್ ಅಂದ ಮೇಲೆ ಬೆಳಕು ಉಂಟು ಅಂತಲೇ ಅಲ್ವಾ?"

"ಕೆಲವು ಸಲ ಬರೀ ಶಬ್ದ. ನಿಮ್ಮಂಥವರನ್ನು ಹಿಡಿಯಲಿಕ್ಕೆ."

ಅಣ್ಣ ನಕ್ಕ. ನಾನು ನಗಲಿಲ್ಲ. ನಮ್ಮ ಕಡೆಯ ಬಸ್ಸುಗಳಲ್ಲಿ ಎಡಬದಿ ಕಂಡಕ್ಟರನದು. ಬಾಗಿಲಲ್ಲಿ ನೇತಾಡುತ್ತಾ ವಿಸಿಲ್ ಊದುತ್ತಾನೆ, ತಗಡಿಗೆ ಬಡಿಯುತ್ತಾನೆ. ಡ್ರೈವರ್ ಅದನ್ನು ನಂಬಿ ಬಸ್ಸು ಸರಿಸುತ್ತಾನೆ. ಅಣ್ಣ ಎಡಗಡೆಯನ್ನು ವರ್ಷಗಟ್ಟಲೆ ಕಿವಿಯಿಂದಲೇ ನೋಡಿದ್ದ.

ಮತ್ತೆ ಪರೀಕ್ಷೆ. ಈ ಸಲ ಎಡಗಡೆಯ ದೊಡ್ಡದೊಂದು ಭಾಗ ಕಾಗದದಲ್ಲಿ ಕಪ್ಪಾಗಿ ಬಂತು. ಡಾಕ್ಟರು ಅದನ್ನು ಅಣ್ಣನ ಮುಂದೆ ಹಿಡಿದರು.

"ನನಗೆ ಅಲ್ಲಿ ಕಪ್ಪು ಕಾಣುವುದೇ ಇಲ್ಲವಲ್ಲ ಡಾಕ್ಟ್ರೇ."

"ಕಪ್ಪು ಅಂತ ಹೇಳಲಿಕ್ಕೂ ನರ ಬದುಕಿರಬೇಕು. ಕಣ್ಣು ಮಿದುಳಿಗೆ ಫೋಟೋ ಕಳಿಸುವುದಿಲ್ಲ. ಒಂದೊಂದು ನರಕೋಶಕ್ಕೂ ಒಂದೊಂದು ಪುಟ್ಟ ಜಾಗ. ಅಲ್ಲಿ ಬೆಳಕು ಬದಲಾದರೆ ಪಟಪಟ ಸುದ್ದಿ ಕೊಡುತ್ತದೆ. ಸುದ್ದಿ ಬಾರದ ಕಡೆಗೆ ಮಿದುಳು ಪಕ್ಕದ್ದನ್ನೇ ಎಳೆದು ಹೊದಿಸುತ್ತದೆ. ಪಕ್ಕದಲ್ಲಿ ರಸ್ತೆ ಇದ್ದರೆ, ಅಲ್ಲಿಯೂ ರಸ್ತೆ."

"ಅಲ್ಲಿ ಮನುಷ್ಯ ನಿಂತಿದ್ದರೆ?"

"ಆಗಲೂ ರಸ್ತೆಯೇ."

ಮನೆಗೆ ಮರಳಲು ಅವನದೇ ಬಸ್ಸು ಸಿಕ್ಕಿತು. ಆ ದಿನ ಬದಲಿ ಡ್ರೈವರ್. ಕಂಡಕ್ಟರ್ ಬಾಗಿಲಿನಿಂದಲೇ ಕೂಗಿದ: "ಏನು ಮಾರಾಯ್ರೆ, ಹೊಸ ಕನ್ನಡಕದಲ್ಲಿ ಹೀರೋ ಆಗುವ ಅಂತ ಉಂಟಾ? ನಾಳೆ ಬರ್ತೀರಲ್ಲ?"

"ಎಡಗಡೆ ನಾನು ಯಾರಿಗಾದರೂ ತಾಗಿಸಿದ್ದು ಉಂಟಾ?"

"ನಾನು ಇಲ್ವಾ ಅದಕ್ಕೆ?"

"ನೀನು ವಿಸಿಲ್ ಊದದಿದ್ದರೆ?"

"ಎಂಥ ತಮಾಷೆ ಮಾಡ್ತೀರಿ!"

"ನಾಳೆಗೂ ಈ ಡ್ರೈವರನ್ನೇ ಕರೆ. ನಾಡಿದ್ದಿಗೂ. ನಾನು ಓಡಿಸುವುದಿಲ್ಲ."

ಇದನ್ನು ಅಣ್ಣ ತಡವರಿಸದೆ ಹೇಳಿದನೆಂದು ಮನೆಯಲ್ಲಿ ಹೇಳಿದ್ದೇನೆ. ನಡುವೆ ಏನಾದರೂ ಇತ್ತೋ, ಅದರ ಮೇಲೆ ನಾನೇ ಹೊದಿಸಿದೆನೋ, ಗೊತ್ತಿಲ್ಲ. ಬಸ್ಸು ತುಂಬಿತ್ತು. ಇಬ್ಬರೂ ಕಂಬಿ ಹಿಡಿದು ನಿಂತೆವು.