ಕಾಗೆ ಒರೆಸಿಟ್ಟ ಕುರ್ಚಿ

ಲೋಕದ ವೀರರು ರಾಜ್ಯಕ್ಕಾಗಿ ಕಾದಾಡಿದರು, ಕಿರೀಟಕ್ಕಾಗಿ ಕಾದಾಡಿದರು. ಅಂಟಣ್ಣ ಕಾದಾಡಿದ್ದು ಹರಿದ ಪುಟಗಳಿಗಾಗಿ. ಆಯುಧಗಳು ಎರಡೇ: ಒಂದು ಸೂಜಿ, ಒಂದು ಡಬ್ಬಿ ಮೈದಾಹಿಟ್ಟಿನ ಅಂಟು. ಹೆತ್ತವರು ಇಟ್ಟ ಹೆಸರು ಆ ಅಂಟಿನಡಿ ಎಂದೋ ಮುಚ್ಚಿಹೋಗಿತ್ತು. ಗ್ರಂಥಾಲಯದ ನೆಲಮಾಳಿಗೆಯ ಪುಸ್ತಕ ರಿಪೇರಿ ಕೋಣೆಯಲ್ಲಿ ಕೂತು ಅವನು ಬದುಕಿಸಿದಷ್ಟು ಮೊಲಗಳನ್ನು ಯಾವ ಪಶುವೈದ್ಯನೂ ಬದುಕಿಸಿಲ್ಲ. ಸೊಂಟ ಮುರಿದ ಸಿಂಹಗಳು ಬೆನ್ನ ಮೇಲೆ ಇಟ್ಟಿಗೆ ಹೊತ್ತು, ಅಂಟು ಒಣಗುವ ತನಕ ಅವನ ಮೇಜಿನ ಮೇಲೆ ಬೆಕ್ಕಿನ ಹಾಗೆ ಬಿದ್ದಿರುತ್ತಿದ್ದವು.

"ಅಂಟಣ್ಣ, ಈ ನರಿಗೆ ಬಾಲಾನೇ ಇಲ್ಲ ನೋಡಿ," ಎಂದು ಕೌಂಟರಿನ ಅಕ್ಕ ಹರಿದ ಪುಸ್ತಕ ತಂದರೆ, "ಇಟ್ಟೋಗಿ ಅಕ್ಕ, ನಾಳೆ ಎರಡು ಕೊಡ್ತೀನಿ," ಎನ್ನುತ್ತಿದ್ದ.

ಮಕ್ಕಳ ಪುಸ್ತಕದಲ್ಲಿ ಮೊದಲು ಹರಿಯುವುದು ಕೊನೆಯ ಪುಟ. ಅದಿಲ್ಲದ ಪುಸ್ತಕ ಕಂಡರೆ ಅಂಟಣ್ಣನಿಗೆ ಊಟ ಸೇರುತ್ತಿರಲಿಲ್ಲ. ಎಲ್ಲಿಂದಾದರೂ ಇನ್ನೊಂದು ಪ್ರತಿ ತರಿಸಿ, ಕಳೆದ ಪುಟವನ್ನು ಗುಂಡಗಿನ ಅಕ್ಷರದಲ್ಲಿ ನಕಲು ಮಾಡಿ ಹೊಲಿದುಬಿಡುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದು ಅಲ್ಪವಿರಾಮವನ್ನೂ ಅತ್ತಿತ್ತ ಮಾಡಿದವನಲ್ಲ. ಜಿಂಕೆ ಸಾಯಬೇಕಿದ್ದರೆ ಮೂಗೊರೆಸಿಕೊಂಡು ಸಾಯಿಸುತ್ತಿದ್ದ.

ತಪ್ಪಿದ್ದು ಒಮ್ಮೆ ಮಾತ್ರ.

ಅದು ನವಿಲುರಾಣಿಯ ಕಥೆ. ರಾಣಿಯ ಮಣಿ ಕಳೆದುಹೋಗುತ್ತದೆ. ಕಾಡಿನಲ್ಲಿ ಕಪ್ಪಗಿರುವುದು ಕಾಗೆ, ಇನ್ನೆಂಥ ವಿಚಾರಣೆ? ಪ್ರಾಣಿಗಳೆಲ್ಲ ಸಭೆ ಸೇರಿ ಅದರ ಪುಕ್ಕ ಕೀಳುತ್ತವೆ. ಅಲ್ಲಿಗೆ ಪುಸ್ತಕ ಹರಿದಿತ್ತು. ಇನ್ನೊಂದು ಪ್ರತಿ ಬಂತು. ಅದರ ಕೊನೆಯ ಪುಟದಲ್ಲಿ ಮಣಿ ರಾಣಿಯ ಗರಿಯ ಸಂದಿಯಲ್ಲೇ ಸಿಗುತ್ತದೆ, ಕಾಡೆಲ್ಲ ಕುಣಿಯುತ್ತದೆ, ಕಥೆ ಮುಗಿಯುತ್ತದೆ. ಕಾಗೆಯ ಸುದ್ದಿಯೇ ಇಲ್ಲ.

ಅಂಟಣ್ಣ ಪೆನ್ನು ಕೆಳಗಿಟ್ಟು ಆ ಪುಟವನ್ನು ಮತ್ತೊಮ್ಮೆ ಓದಿದ.

ಕೆಲವು ವರ್ಷಗಳ ಹಿಂದೆ ಅವನ ಹೆಂಡತಿ ಗ್ರಂಥಾಲಯದ ಮುಖ್ಯಾಧಿಕಾರಿಯ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಒಂದು ದಿನ ಆ ಮನೆಯ ಯಜಮಾನಿಯ ಕಿವಿಯೋಲೆ ಕಾಣಲಿಲ್ಲ. ಅಕ್ಕಪಕ್ಕದವರು ಕಿಟಕಿಯಲ್ಲಿ ನಿಂತು ನೋಡುತ್ತಿರುವಾಗ ಅಂಗಳದಲ್ಲೇ ಅವಳ ಚೀಲ ಕೊಡವಿಸಿದರು, ಜಡೆ ಬಿಚ್ಚಿಸಿದರು, ಇನ್ನು ಬರಬೇಡ ಎಂದರು. ವಾರದ ಮೇಲೆ ಓಲೆ ಯಜಮಾನಿಯ ದಿಂಬಿನ ಚೀಲದಲ್ಲೇ ಸಿಕ್ಕಿತು. ಈ ಸುದ್ದಿ ತಿಳಿಸಿದ್ದು ಅವರ ಡ್ರೈವರ್, ಅದೂ ಪಿಸುಮಾತಿನಲ್ಲಿ.

"ಸಿಕ್ತಲ್ಲ, ಇನ್ನು ಬಂದೇ ಬರ್ತಾರೆ ನೋಡಿ," ಎಂದಳು ಹೆಂಡತಿ. ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಬಾಗಿಲ ಬಳಿ ಇಟ್ಟು ದಿನಾ ಸಂಜೆ ಒರೆಸತೊಡಗಿದಳು.

"ಯಾರಿಗೆ ಮಹಾರಾಣಿ, ಈ ಸಿಂಹಾಸನ?" ಎಂದು ಅಂಟಣ್ಣ ರೇಗಿಸುತ್ತಿದ್ದ.

"ದೊಡ್ಡೋರು, ನೆಲದ ಮೇಲೆ ಕೂತ್ಕೊಳ್ಳಕ್ಕಾಗತ್ತಾ? ನೀವು ಸುಮ್ನಿರಿ."

ನಾಲ್ಕು ವರ್ಷ ಒರೆಸಿದಳು. ಆಮೇಲೆ ಒಂದು ಜ್ವರ ಬಂದದ್ದೇ ನೆಪ, ಹೋಗಿಬಿಟ್ಟಳು. ಈಗ ಕುರ್ಚಿಯನ್ನು ಅಂಟಣ್ಣ ಒರೆಸುತ್ತಾನೆ. ಯಾಕೆಂದು ಅವನಿಗೇ ಗೊತ್ತಿಲ್ಲ.

ನವಿಲುರಾಣಿಯ ಪುಟ ನಕಲು ಮಾಡಿದ ಆ ದಿನ ಅವನು ಮಣಿ ಸಿಕ್ಕಿದ್ದನ್ನು ಇದ್ದ ಹಾಗೇ ಬರೆದ. ಕುಣಿತವನ್ನೂ ಬರೆದ. ಕೆಳಗೆ ನಾಲ್ಕು ಸಾಲು ಸೇರಿಸಿದ: ಬಹಳ ದಿನದ ಮೇಲೆ ನವಿಲುರಾಣಿ ಕಾಗೆಯ ಗೂಡಿಗೆ ನಡೆದುಕೊಂಡು ಹೋದಳು. ಕಾಗೆ ಕುರ್ಚಿ ಒರೆಸಿತು. ರಾಣಿ ಕೂರಲಿಲ್ಲ. ನಿಂತುಕೊಂಡೇ, ನನ್ನದು ತಪ್ಪಾಯಿತು, ಎಂದಳು.

ಪುಸ್ತಕ ಮಕ್ಕಳ ಕೈಯಿಂದ ಕೈಗೆ ಹಾರಿತು. ಹಾರುತ್ತ ಹಾರುತ್ತ ಮುಖ್ಯಾಧಿಕಾರಿಯ ಮೊಮ್ಮಗಳ ಮಡಿಲಿಗೇ ಹೋಗಿ ಬಿತ್ತು. ಊಟದ ಮೇಜಿನಲ್ಲಿ ಎಲ್ಲರೆದುರು ಅವಳು ಕೇಳಿದಳು: "ಅಜ್ಜಿ, ಮಣಿ ಸಿಕ್ಕಿದ ದಿನಾನೇ ನವಿಲು ಯಾಕೆ ಹೋಗ್ಲಿಲ್ಲ?"

ಅಜ್ಜಿಯ ಕೈಯ ಸೌಟು ಹಾಗೇ ನಿಂತಿತಂತೆ. ಇದನ್ನು ಹೇಳಿದ್ದೂ ಡ್ರೈವರೇ.

ಮಾರನೆಯ ಬೆಳಗ್ಗೆ, ಅಧಿಕಾರ ವಹಿಸಿಕೊಂಡ ಮೇಲೆ ಮೊದಲ ಬಾರಿಗೆ, ಮುಖ್ಯಾಧಿಕಾರಿ ನೆಲಮಾಳಿಗೆಗೆ ಇಳಿದರು. ಇಟ್ಟಿಗೆ ಹೊತ್ತ ಸಿಂಹಗಳೂ ಉಸಿರು ಬಿಗಿಹಿಡಿದವು.

"ಕಿತ್ತು ಹಾಕ್ರೀ ಈ ಪುಟಾನ."

"ಅದೊಂದೇ ಕೀಳಕ್ಕಾಗಲ್ಲ ಸಾರ್. ಮೊದಲನೇ ಪುಟಕ್ಕೆ ಜೋಡಿಸಿ ಹೊಲಿದಿದೀನಿ. ಇದು ಹೋದ್ರೆ ಅದೂ ಹೋಗತ್ತೆ. ಮಣಿ ಕಳೆದಿದ್ದೇ ಹೋಗ್ಬಿಡತ್ತೆ."

"ಹೋಗ್ಲಿ! ಕಿತ್ರೆ ಈ ಮೇಜು ನಿಮ್ದು. ಇಲ್ದಿದ್ರೆ ನಾಳೆಯಿಂದ ಗೇಟಲ್ಲಿ ಕೂತು ಬಂದವರ ಚೀಲ ಕಾಯ್ರಿ."

ಅಂಟಣ್ಣ ಸೂಜಿ ನೋಡಿದ, ಡಬ್ಬಿ ನೋಡಿದ, ಮೂವತ್ತು ವರ್ಷ ಮೊಣಕೈ ಊರಿ ಸವೆಸಿದ ಮೇಜಿನ ಅಂಚು ನೋಡಿದ. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ಮುಖ್ಯಾಧಿಕಾರಿಯೇ ಎಳೆದರು. ದಾರ ಪಟ್ಟೆಂದಿತು. ದೂರು ಹೇಳುವ ಮೊದಲ ಪುಟ, ತಪ್ಪೊಪ್ಪುವ ಕೊನೆಯ ಪುಟ, ಎರಡೂ ಒಟ್ಟಿಗೇ ಅವರ ಕೈಗೆ ಬಂದವು. ಪುಸ್ತಕದಲ್ಲಿ ಉಳಿದದ್ದು ಕಾಗೆಯ ಪುಕ್ಕ ಕೀಳುವ ಪುಟಗಳು ಮಾತ್ರ.

ಅದನ್ನು ನೋಡಿಯೋ ಏನೋ, ಅವರ ದನಿ ಸ್ವಲ್ಪ ತಗ್ಗಿತು. "ಅಲ್ರೀ, ಅಸಲು ಪುಸ್ತಕದಲ್ಲಿ ಇಲ್ದೇ ಇರೋ ಆ ನಾಕು ಸಾಲು ಯಾಕ್ರೀ ಬರೆದ್ರಿ?"

ಅಂಟಣ್ಣ ಡಬ್ಬಿಯ ಮುಚ್ಚಳ ಹಾಕಿದ.

"ಪುಟದ ಕೆಳಗೆ ಜಾಗ ಉಳಿದಿತ್ತು ಸಾರ್."